ಜವರಣ್ಣನ ಡಿ ಡ್ರೈವಿನಲ್ಲಿದ್ದವರು

ಹಳೇಬೀಡಿನ ದೇವಸ್ಥಾನದ ಮುಂದೆ ಫೋಟೋ ತೆಗೆಯುವವರಲ್ಲಿ ಜವರಣ್ಣನಷ್ಟು ಜನರನ್ನು ಬಿಸಿಲಿನಲ್ಲಿ ನಿಲ್ಲಿಸಿದವರು ಇನ್ನೊಬ್ಬರಿಲ್ಲ. ಅವನ ಸ್ಟುಡಿಯೋಗೆ ಅಂಟಿಕೊಂಡ ಅಂಗಡಿ ನನ್ನದು. ಪೋಸ್ಟ್ ಕಾರ್ಡು, ಗೈಡ್ ಪುಸ್ತಕ, ಬಿಸಿಲಿನ ಟೋಪಿ ಮಾರುತ್ತೇನೆ. ನಡುವಿನ ಗೋಡೆ ತೆಳುವಾದ್ದರಿಂದ ಅವನ ಬಾಳಿನಲ್ಲಿ ನನಗೆ ಗೊತ್ತಿಲ್ಲದ್ದು ಕಡಿಮೆ. ಪ್ರವಾಸಿಗಳು ನಂದಿಯ ಮುಂದೆ ಬಂದು ನಿಂತರೆ ಅವನು ಮೊದಲು ಅವರ ಕೈಗಳನ್ನು ಸರಿಮಾಡುತ್ತಿದ್ದ, ಆಮೇಲೆ ಗದ್ದ, ಆಮೇಲೆ ಸೆರಗು. ನಗುವವರು ನಕ್ಕು ಮುಗಿಸುವ ತನಕ ಕಾಯುತ್ತಿದ್ದ. ಅಷ್ಟರಲ್ಲಿ ಡ್ರೈವರ್ ಹಾರನ್ ಹೊಡೆದು ಅರ್ಧ ಜನ ಬಸ್ಸಿಗೆ ಓಡಿಹೋಗುತ್ತಿದ್ದರು. ಉಳಿದರ್ಧ ಜನರ ಫೋಟೋ ಮಾತ್ರ ಚೆನ್ನಾಗಿ ಬರುತ್ತಿತ್ತು.

ಅವನನ್ನು ಕೆಡಿಸಿದ್ದು ಕಲ್ಲು ಎಂಬುದು ನನ್ನ ಅಭಿಪ್ರಾಯ. ಹುಡುಗನಾಗಿದ್ದಾಗ ಬೇಲೂರಿನ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಸೇರಿದ. ಅಲ್ಲಿಯ ಯಜಮಾನರದು ಶಿಲ್ಪಗಳ ಫೋಟೋ ತೆಗೆದು ಕಾರ್ಡು ಮಾಡಿಸುವ ಕೆಲಸ. ವರ್ಷಗಟ್ಟಲೆ ಜವರಣ್ಣ ಮದನಿಕೆಯರ ಮುಂದೆ ಕ್ಯಾಮೆರಾ ಹಿಡಿದು ನಿಂತ. ಮದನಿಕೆ ಕಣ್ಣು ಮಿಟುಕಿಸುವುದಿಲ್ಲ, ಆಕಳಿಸುವುದಿಲ್ಲ, ಬೆಳಕು ಸರಿಹೋಗುವ ತನಕ ತುಟಿಪಿಟಕ್ಕೆನ್ನದೆ ನಿಂತಿರುತ್ತಾಳೆ. ಅಂಥವರ ಜೊತೆ ಪಳಗಿದವನಿಗೆ ಕಡೂರಿನಿಂದ ಬಂದ ಮದುವೆ ದಿಬ್ಬಣ ಹೇಗೆ ಹಿಡಿಸೀತು? ‘ಅಲ್ಲಾಡ್‌ಬ್ಯಾಡಿ’ ಎಂಬುದು ಅವನು ಜೀವನದಲ್ಲಿ ಅತಿ ಹೆಚ್ಚು ಸಲ ಆಡಿದ ಮಾತು. ಎರಡನೆಯದು ಯಾವುದೆಂದು ನನಗೆ ಗೊತ್ತಿಲ್ಲ, ಬಹುಶಃ ಇಲ್ಲ.

ಪ್ರವಾಸಿಗಳದ್ದಲ್ಲದೆ ಅವನಿಗೆ ಇನ್ನೊಂದು ಕೆಲಸವಿತ್ತು. ಸುತ್ತಿನ ಹಳ್ಳಿಗಳಲ್ಲಿ ಯಾರಾದರೂ ತೀರಿಕೊಂಡರೆ ಮನೆಯವರು ಯಾವುದೋ ಮದುವೆಯ ಗುಂಪು ಫೋಟೋ ತಂದು, ಹಿಂದಿನ ಸಾಲಿನಲ್ಲಿ ಇಣುಕುತ್ತಿರುವ ಒಂದು ತಲೆಯನ್ನು ತೋರಿಸಿ, ‘ಇದನ್ನ ದೊಡ್ಡದು ಮಾಡ್ಕೊಡು, ತಿಥಿಗೆ ಬೇಕು’ ಎನ್ನುವರು. ಅವನು ಆ ತಲೆಯನ್ನು ಕತ್ತರಿಸಿ, ದೊಡ್ಡದು ಮಾಡಿ, ಮಸುಕಾದಲ್ಲಿ ಕುಂಚದಿಂದ ತಿದ್ದಿ ಕೊಡುತ್ತಿದ್ದ. ಒಂದು ಸಲ ಗೆಂಡೆಹಳ್ಳಿ ಕಡೆಯವರು ತೋರಿಸಿದ್ದು ಒಂದು ತಲೆ, ಇವನು ದೊಡ್ಡದು ಮಾಡಿದ್ದು ಪಕ್ಕದ ತಲೆ. ಆ ಪಕ್ಕದ ತಲೆಯವರು ಸತ್ತವರ ತಮ್ಮ. ಅವರು ತಿಥಿ ಊಟಕ್ಕೆ ಬಂದು ನೋಡಿದರೆ ತಮ್ಮ ಫೋಟೋಕ್ಕೇ ಹಾರ ಹಾಕಿದ್ದಾರೆ. ಅವರು ಊಟ ಮಾಡಿಕೊಂಡೇ ಹೋದರಂತೆ, ಆದರೆ ಪಾಯಸ ಮುಟ್ಟಲಿಲ್ಲವಂತೆ.

ಅಂದಿನಿಂದ ಜವರಣ್ಣ ಒಂದು ತೀರ್ಮಾನಕ್ಕೆ ಬಂದ. ವಯಸ್ಸಾದವರನ್ನು ಗಟ್ಟಿಮುಟ್ಟಾಗಿರುವಾಗಲೇ ಕೂರಿಸಿ, ಒಂದೊಂದು ಒಳ್ಳೆಯ ಫೋಟೋ ತೆಗೆದು ಇಟ್ಟುಕೊಳ್ಳುವುದು. ಬೇಕಾದ ದಿನ ಪ್ರಿಂಟು ಹಾಕಿ ಮನೆಯವರಿಗೆ ಕೊಡುವುದು. ಜವರ ಎಂದರೆ ಯಮ, ಆ ಹೆಸರೂ ಈ ಕೆಲಸವೂ ಒಂದಕ್ಕೊಂದು ಹೊಂದಿಕೊಂಡಿದ್ದನ್ನು ಊರವರು ಗಮನಿಸದೆ ಇರಲಿಲ್ಲ, ಬೆನ್ನ ಹಿಂದೆ ಆಡಬೇಕಾದ್ದನ್ನೆಲ್ಲ ಆಡಿದರು. ಆದರೂ ಬಂದರು. ಸಂತೆಗೆ ಬಂದವರು ಹಾಗೇ ಇತ್ತ ಕಡೆ ಹಾದು, ಯಾರಾದರೂ ನೋಡುತ್ತಿದ್ದಾರೆಯೇ ಎಂದು ಅತ್ತಿತ್ತ ಕಣ್ಣಾಡಿಸಿ ಒಳಗೆ ನುಗ್ಗುತ್ತಿದ್ದರು. ನನ್ನ ಅಂಗಡಿಯಲ್ಲಿ ಟೋಪಿ ನೋಡುವ ನಾಟಕ ಮಾಡಿಕೊಂಡು ಸರದಿಗೆ ಕಾದವರೂ ಇದ್ದರು. ಅವರಲ್ಲಿ ಒಬ್ಬರೂ ಟೋಪಿ ಕೊಳ್ಳಲಿಲ್ಲ.

ಆದರೆ ಬಂದವರದ್ದೆಲ್ಲ ಒಂದೇ ಷರತ್ತು. ಬದುಕಿರುವ ತನಕ ಪ್ರಿಂಟು ಹಾಕಬಾರದು. ಚೌಕಟ್ಟು ಹಾಕಿದ ಫೋಟೋ ಮನೆಗೆ ಬಂದರೆ ಹಾರವೂ ಹಿಂದೆಯೇ ಬರುತ್ತದೆ ಎಂಬ ನಂಬಿಕೆ. ಫೋಟೋ ಒಂದಕ್ಕಿಂತ ಹೆಚ್ಚು ಕಡೆ ಇರಲೂ ಕೂಡದು. ದೇವಸ್ಥಾನದ ಬಾಗಿಲಲ್ಲಿ ಸೀಬೆಕಾಯಿ ಮಾರುತ್ತಿದ್ದ ಗಿಡ್ಡಮ್ಮ ಇದನ್ನು ಬಿಡಿಸಿ ಹೇಳಿದ್ದಳು.

‘ನೋಡ್ಲಾ ಜವರ, ಒಂದೇ ಇರ್ಲಿ. ಎರಡು ಕಡೆ ಇಟ್ಟೀಯ, ಆಮೇಲೆ ಎರಡು ಸಲ ಸಾಯಕ್ಕೆ ನನ್ ಕೈಲಾಗಕಿಲ್ಲ, ಮಂಡಿನೋವು.’

ಜವರಣ್ಣ ಒಪ್ಪಿಕೊಂಡ. ಅವನು ಮಾತು ಕೊಟ್ಟರೆ ಕೊಟ್ಟದ್ದೇ, ಅದರಿಂದ ಯಾರಿಗೆ ಎಷ್ಟೇ ತೊಂದರೆಯಾಗಲಿ. ಅಷ್ಟು ಹೊತ್ತಿಗೆ ಅವನು ಡಿಜಿಟಲ್ ಕ್ಯಾಮೆರಾಕ್ಕೆ ಬದಲಾಗಿದ್ದ, ಹಾಸನದಿಂದ ಒಂದು ಹಳೇ ಕಂಪ್ಯೂಟರ್ ತಂದಿದ್ದ. ಅದರ ಡಿ ಡ್ರೈವಿನಲ್ಲಿ ‘ಆಮೇಲೆ’ ಎಂಬ ಫೋಲ್ಡರ್ ಮಾಡಿ, ತೆಗೆದವನ್ನೆಲ್ಲ ಅದಕ್ಕೆ ಇಳಿಸಿ, ಒಬ್ಬೊಬ್ಬರದು ಒಂದೊಂದೇ ಫೋಟೋ ಇಟ್ಟು, ಕೆಟ್ಟು ಬಂದವನ್ನೆಲ್ಲ ಆಗಿಂದಾಗಲೇ ಅಳಿಸಿ ಹಾಕುತ್ತಿದ್ದ. ಸಿಡಿಯಲ್ಲಿ ಇನ್ನೊಂದು ಪ್ರತಿ ಬರೆದಿಟ್ಟುಕೋ ಎಂದು ನಾನೇ ಎಷ್ಟೋ ಸಲ ಹೇಳಿದ್ದೆ. ‘ಮಾತು ಕೊಟ್ಟಿವ್ನಿ’ ಎನ್ನುತ್ತಿದ್ದ. ಹೀಗೆ ನಮ್ಮ ಸೀಮೆಯ ಹಿರಿಯರೆಲ್ಲ ಒಂದು ಡಬ್ಬದೊಳಗೆ, ಕೈ ಮಂಡಿಯ ಮೇಲಿಟ್ಟುಕೊಂಡು, ಕಣ್ಣು ಬಿಟ್ಟುಕೊಂಡು ಕೂತಿದ್ದರು.

ಎರಡು ಸಾವಿರದ ನಾಲ್ಕರಲ್ಲಿ ಅವನು ಹೊಸ ಕ್ಯಾಮೆರಾ ಕೊಂಡ. ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ತೊಂಬತ್ತೆಂಟು. ವೈರು ಚುಚ್ಚಿದಾಗಲೆಲ್ಲ ಅದು ಹೊಸ ಕ್ಯಾಮೆರಾವನ್ನು ಗುರುತಿಸದೆ ‘ಇದೇನೋ ಹೊಸ ಸಾಧನ, ಇದರ ಡ್ರೈವರ್ ಸಿಡಿ ಕೊಡು’ ಎಂದು ಕೇಳುವುದು. ಸಿಡಿ ಕೊಟ್ಟರೆ ಇದಲ್ಲ ಎನ್ನುವುದು. ಇದು ಒಂದು ವಾರ ನಡೆಯಿತು. ಬೇಲೂರಿನ ಬಸ್ ಸ್ಟ್ಯಾಂಡ್ ಎದುರು ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಸಂತು ನೋಡಿ, ‘ಅಂಕಲ್, ಎಕ್ಸ್‌ಪಿಗೆ ಅಪ್‌ಗ್ರೇಡ್ ಮಾಡ್ಬಿಡೋಣ, ಎಲ್ಲ ಸರಿಹೋಗುತ್ತೆ’ ಎಂದ. ಈ ‘ಎಲ್ಲ ಸರಿಹೋಗುತ್ತೆ’ ಎನ್ನುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ.

ಸಂತು ಹೊಸ ವಿಂಡೋಸ್ ಹಾಕಿದ. ಸಿ ಡ್ರೈವು ಫೈಲುಗಳನ್ನು ಜೋಡಿಸಿಡುವ ಹೊಸ ಪದ್ಧತಿಗೆ ಬದಲಾಯಿತು. ಡಿ ಡ್ರೈವು ಇನ್ನೂ ಹಳೇ ಪದ್ಧತಿಯಲ್ಲಿದೆ, ಅದನ್ನೂ ಬದಲಾಯಿಸಿದರೆ ಒಳ್ಳೆಯದು ಎಂದು ಅದಕ್ಕೆ ಬೇಕಾದ ಆಜ್ಞೆಯನ್ನು ಕೊಟ್ಟಿಟ್ಟ. ‘ಸ್ಟುಡಿಯೋಗೆ ಹೋಗಿ ಆನ್ ಮಾಡಿ ಅಂಕಲ್, ಅದರ ಪಾಡಿಗೆ ಅದು ಬದಲಾಯಿಸ್ಕೊಳ್ಳುತ್ತೆ. ಮುಗಿಯೋವರೆಗೂ ಆಫ್ ಮಾತ್ರ ಮಾಡ್ಬೇಡಿ’ ಎಂದು ಕಳಿಸಿದ. ಅವನು ಅಷ್ಟು ಹೇಳಿದ್ದು ನಿಜ. ಅವನನ್ನು ನಾನು ಎಷ್ಟೇ ಬೈದರೂ ಈ ಒಂದು ವಿಷಯದಲ್ಲಿ ಬೈಯುವಂತಿಲ್ಲ.

ಮಾರನೆಯ ಬೆಳಿಗ್ಗೆ ಜವರಣ್ಣ ಆನ್ ಮಾಡಿದ. ನೀಲಿ ಪರದೆಯ ಮೇಲೆ ಬಿಳಿ ಅಕ್ಷರಗಳು ಬಂದು ಕೆಲಸ ಶುರುವಾಯಿತು. ಅವನು ಮುಂದೆ ಸ್ಟೂಲ್ ಹಾಕಿಕೊಂಡು ಕೂತ. ಅದು ಇನ್ನೂ ಅರ್ಧವೂ ಆಗಿರಲಿಲ್ಲ, ಬೀದಿಯಲ್ಲಿ ಗದ್ದಲವಾಯಿತು. ಗಿಡ್ಡಮ್ಮ ಹೋಗಿಬಿಟ್ಟಿದ್ದಳು. ಬೆಳಿಗ್ಗೆ ಎದ್ದು ಬುಟ್ಟಿಗೆ ಸೀಬೆಕಾಯಿ ಜೋಡಿಸಿದವಳು ಹಾಗೇ ಗೋಡೆಗೆ ಒರಗಿ ಕೂತಳಂತೆ, ಅಷ್ಟೆ.

ನಮ್ಮ ಬೀದಿಯಲ್ಲಿ ಹೆಣವಿರುವಾಗ ಒಲೆ ಹಚ್ಚುವುದಿಲ್ಲ, ಅಂಗಡಿ ತೆರೆದಿಡುವುದಿಲ್ಲ, ಯಾವ ಕಸುಬನ್ನೂ ಮಾಡುವುದಿಲ್ಲ. ಹಿಟ್ಟಿನ ಗಿರಣಿ ನಿಂತಿತು. ನಾನು ಬಾಗಿಲೆಳೆದೆ. ಜವರಣ್ಣನೂ ಎದ್ದು, ಗಿಡ್ಡಮ್ಮ ಹೋದ ಮೇಲೂ ತನ್ನ ಅಂಗಡಿಯಲ್ಲಿ ಯಂತ್ರ ಗುಂಯ್ ಎನ್ನುವುದು ಸರಿಯಲ್ಲವೆಂದು ಮೀಟರಿನ ಕೆಳಗಿನ ಮೇನ್ ಸ್ವಿಚ್ಚನ್ನೇ ಕೆಳಕ್ಕೆಳೆದ. ಆಮೇಲೆ ಬಾಗಿಲು ಹಾಕಿಕೊಂಡು ಹೋಗಿ ಚಟ್ಟ ಕಟ್ಟುವುದಕ್ಕೆ ಕೈಹಾಕಿದ. ಅವನು ಬೇಲೂರು ಬಿಟ್ಟು ಕ್ಯಾಮೆರಾ ಒಂದನ್ನೇ ಹಿಡಿದು ಇಲ್ಲಿಗೆ ಬಂದ ಕಾಲದಲ್ಲಿ, ಗೇಟಿನ ಹತ್ತಿರ ನೆರಳಿದ್ದದ್ದು ಅವಳ ಬುಟ್ಟಿಯ ಪಕ್ಕ ಮಾತ್ರ. ಅಲ್ಲಿ ಕೂರಲು ಬಿಟ್ಟವಳು ಅವಳು. ತಂದ ಮುದ್ದೆಯಲ್ಲಿ ಅರ್ಧ ಮುರಿದು ಕೊಟ್ಟವಳು ಅವಳು. ಆ ದಿನ ಅವನು ಅವಳ ಹೊಟ್ಟೆಯಲ್ಲಿ ಹುಟ್ಟಿದವನ ಹಾಗೆ ಅತ್ತ.

ಗಿಡ್ಡಮ್ಮನಿಗೆ ಒಬ್ಬ ಮಗನಿದ್ದ, ಚಿಕ್ಕಣ್ಣ. ಕಣಕಟ್ಟೆ ಕಡೆಯಿಂದ ತೆಂಗಿನಕಾಯಿ ತುಂಬುವ ಲಾರಿಯ ಡ್ರೈವರ್. ಸುದ್ದಿ ಮುಟ್ಟಿ ಅವನು ಬರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ಮಣ್ಣು ಮಾಡಿ, ಕೆರೆಯಲ್ಲಿ ಮಿಂದು ಬಂದ ಮೇಲೆ ಜವರಣ್ಣನ ಕೈ ಹಿಡಿದು, ‘ಜವರಣ್ಣ, ಅವ್ವಂದು ಒಂದು ಫೋಟೋ ಇಲ್ಲ ಕಣಣ್ಣ. ಓಟಿನ ಕಾರ್ಡು ಬುಟ್ಟೀಲಿಟ್ಕೊಂಡು ಮಳೇಲಿ ನೆನ್ಸಿ ಬರೀ ಮೂಗುತಿ ಕಾಣ್ತದೆ’ ಎಂದ.

‘ನನ್ತಾವ ಐತೆ,’ ಎಂದ ಜವರಣ್ಣ. ‘ಹನ್ನೊಂದನೇ ದಿನಕ್ಕೆ ಚೌಕಟ್ಟು ಹಾಕ್ಸಿ ಕೊಡ್ತೀನಿ, ಯೋಚ್ನೆ ಬಿಡು.’

ಸ್ಟುಡಿಯೋಗೆ ಬಂದು, ದೇವರ ದೀಪ ಹಚ್ಚಿ, ಮೇನ್ ಮೇಲಕ್ಕೆತ್ತಿ ಕಂಪ್ಯೂಟರ್ ಆನ್ ಮಾಡಿದ. ಜೊತೆಗೆ ನಾನೂ ಇದ್ದೆ. ಹೊಸ ವಿಂಡೋಸ್ ಚೆನ್ನಾಗಿಯೇ ಬಂತು, ಹಸಿರು ಗುಡ್ಡ, ನೀಲಿ ಆಕಾಶ. ಕ್ಯಾಮೆರಾದ ವೈರು ಚುಚ್ಚಿದರೆ ತಕ್ಷಣ ಗುರುತಿಸಿತು. ಪ್ರಿಂಟರನ್ನೂ ಗುರುತಿಸಿತು. ಡಿ ಡ್ರೈವು ಒತ್ತಿದರೆ ‘ದಯವಿಟ್ಟು ಡಿಸ್ಕ್ ಹಾಕಿ’ ಎಂದಿತು. ಅಲ್ಲಿ ಇಲ್ಲಿ ಒತ್ತಿ ನೋಡಿದೆವು. ಆಮೇಲೆ ಗೊತ್ತಾಯಿತು, ಅಪ್‌ಗ್ರೇಡ್ ಆದಾಗ ಡಿ ಎಂಬ ಅಕ್ಷರ ಸಿಡಿ ಹಾಕುವ ತಟ್ಟೆಗೆ ಹೋಗಿದೆ, ನಮ್ಮ ಡ್ರೈವಿಗೆ ಇ ಎಂಬ ಅಕ್ಷರ ಸಿಕ್ಕಿದೆ. ಅಷ್ಟೇ ತಾನೇ ಎಂದು ಸಮಾಧಾನವಾಗಿ ಇ ಒತ್ತಿದ. ಈ ಡಿಸ್ಕನ್ನು ಇನ್ನೂ ಫಾರ್ಮ್ಯಾಟ್ ಮಾಡಿಲ್ಲ, ಈಗ ಮಾಡಲೇ ಎಂದು ಇಂಗ್ಲಿಷಿನಲ್ಲಿ ಕೇಳಿತು. ಕೆಳಗೆ ಹೌದು, ಇಲ್ಲ ಎಂಬ ಎರಡು ಗುಂಡಿ. ಜವರಣ್ಣನ ಬೆರಳು ಆಗಲೇ ಹೌದು ಎಂಬುದರ ಮೇಲಿತ್ತು. ಕೇಳಿದವರಿಗೆ ಇಲ್ಲ ಎನ್ನುವ ಅಭ್ಯಾಸ ಅವನಿಗಿರಲಿಲ್ಲ.

‘ಏಯ್, ಕೈ ತೆಗಿಯೋ!’ ಎಂದು ನಾನು ಕಿರುಚಿದ ಸದ್ದಿಗೆ ಎದುರು ಹೋಟೆಲಿನವರು ಈಚೆ ಬಂದರು. ಫಾರ್ಮ್ಯಾಟ್ ಎಂದರೆ ಒಳಗಿರುವುದನ್ನೆಲ್ಲ ಒರೆಸಿ ಹಾಕುವುದು ಎಂದು ಹೇಳಿದ ಮೇಲೆ ಅವನು ಕೈಯನ್ನು ಪಂಚೆಯ ಮಡಿಕೆಯೊಳಗೆ ಇಟ್ಟುಕೊಂಡ. ಎಷ್ಟೋ ಹೊತ್ತು ಆ ಕೈಯನ್ನು ಹೊರಗೆ ತೆಗೆಯಲಿಲ್ಲ.

ಮಾರನೇ ದಿನ ಡಬ್ಬ ಹೊತ್ತು ಬೇಲೂರಿಗೆ ಹೋದೆವು. ಸಂತು ನೋಡಿ, ‘ಮಧ್ಯದಲ್ಲಿ ಆಫ್ ಮಾಡಿದ್ರಾ ಅಂಕಲ್?’ ಎಂದ.

‘ಗಿಡ್ಡಮ್ಮ ತೀರ್ಕಂಡ್ರು’ ಎಂದ ಜವರಣ್ಣ.

ಇದಕ್ಕೂ ಅದಕ್ಕೂ ಏನು ಸಂಬಂಧವೆಂದು ಬೇಲೂರು ಬಸ್ ಸ್ಟ್ಯಾಂಡಿನವರಿಗೆ ತಿಳಿಯುವುದು ಕಷ್ಟ. ಸಂತು ಏನೇನೋ ಒತ್ತಿ ನೋಡಿ, ಕೊನೆಗೆ ‘ಫಾರ್ಮ್ಯಾಟ್ ಮಾಡಿದ್ರೆ ಡ್ರೈವ್ ಫಸ್ಟ್ ಕ್ಲಾಸ್ ಆಗುತ್ತೆ’ ಎಂದ. ಮನೆಯವರನ್ನೆಲ್ಲ ಆಚೆ ಹಾಕಿದರೆ ಮನೆಯೂ ಫಸ್ಟ್ ಕ್ಲಾಸ್ ಆಗುತ್ತದೆ ಎಂದು ನಾನು ಅವನಿಗೆ ತಿಳಿಸಿದೆ, ಇನ್ನೂ ಕೆಲವು ವಿಷಯ ತಿಳಿಸಿದೆ. ಸಂತು ಬೇಜಾರು ಮಾಡಿಕೊಳ್ಳಲಿಲ್ಲ. ತನಗೆ ಇದು ಬರುವುದಿಲ್ಲವೆಂದು ಒಪ್ಪಿಕೊಂಡ. ಅರಸೀಕೆರೆಯಲ್ಲಿ ಚನ್ನೇಶ್ ಎಂಬುವರು ಕಳೆದುಹೋದ ಡೇಟಾ ತೆಗೆಯುತ್ತಾರೆ, ಅಲ್ಲಿಗೆ ಹೋಗುವ ತನಕ ಇದನ್ನು ಆನ್ ಕೂಡ ಮಾಡಬೇಡಿ ಎಂದ. ಆದರೆ ಚನ್ನೇಶ್ ಮಗಳ ನಾಮಕರಣಕ್ಕೆಂದು ಹೆಂಡತಿಯ ಊರಿಗೆ ಹೋಗಿದ್ದರು, ಬರುವುದು ತಿಥಿಗೆ ಎರಡು ದಿನ ಮುಂಚೆ. ನಾವು ಡಬ್ಬ ಹೊತ್ತುಕೊಂಡು ವಾಪಸು ಬಂದೆವು.

ಅಷ್ಟರಲ್ಲಿ ಸುದ್ದಿ ಹಬ್ಬಿತ್ತು. ಜವರಣ್ಣನ ಡಬ್ಬದಲ್ಲಿ ಇಟ್ಟಿದ್ದವರೆಲ್ಲ ಅಳಿಸಿ ಹೋದರಂತೆ. ಫೋಟೋ ತೆಗೆಸಿಕೊಂಡದ್ದನ್ನು ಹೆಂಡತಿಗೂ ಹೇಳದಿದ್ದವರು ಈಗ ಹಗಲಿನಲ್ಲೇ ವಿಚಾರಿಸಲು ಬಂದರು. ಹಿಟ್ಟಿನ ಗಿರಣಿಯ ಹನುಮಯ್ಯನವರಿಗೆ ಬಹಳ ಸಂತೋಷವಾಗಿತ್ತು. ಫೋಟೋ ಹೋಯಿತೆಂದರೆ ತಮ್ಮ ಗಂಡಾಂತರವೂ ಹೋಯಿತು ಎಂದು ಲೆಕ್ಕ ಹಾಕಿ, ಆ ವಾರವೇ ಹೊಸ ಚಪ್ಪಲಿ ಮಾಡಿಸಿದರು. ಮಾದಮ್ಮ ಎಂಬ ಅಜ್ಜಿಗೆ ಮಾತ್ರ ಹೊಟ್ಟೆ ಉರಿಯಿತು. ಅವಳು ಸೊಸೆಯ ಸರ ಕೇಳಿ ಹಾಕಿಕೊಂಡು ಫೋಟೋ ತೆಗೆಸಿದ್ದಳು. ‘ಇನ್ನೊಂದು ಸಲ ಕೇಳುದ್ರೆ ಅವ್ಳು ಕೊಟ್ಟಾಳೇನೋ ಜವರ? ಹೋದ್ಸಲ ಕೊಟ್ಟಿದ್ದೇ ನಾನು ಸಾಯ್ತೀನಿ ಅಂತ ನಂಬ್ಕಂಡು’ ಎಂದು ಬಾಗಿಲಲ್ಲೇ ಕೂತಳು.

ಜವರಣ್ಣ ಎಲ್ಲರಿಗೂ ಒಂದೇ ಉತ್ತರ ಕೊಟ್ಟ. ‘ನೀವು ಇದೀರಿ. ಇನ್ನೊಂದು ತಗುದ್ರಾಯ್ತು. ಗಿಡ್ಡಮ್ಮನ್ನ ಎಲ್ಲಿಂದ ತರ್ಲಿ?’ ಆ ದಿನಗಳಲ್ಲಿ ಅವನು ಯಾವ ಪ್ರವಾಸಿಯ ಫೋಟೋವನ್ನೂ ತೆಗೆಯಲಿಲ್ಲ. ಸ್ಟುಡಿಯೋದ ಬಾಗಿಲು ಅರ್ಧ ಹಾಕಿಕೊಂಡು ಆ ಸತ್ತ ಡಬ್ಬದ ಮುಂದೆ ಕೂತಿರುತ್ತಿದ್ದ. ಅವಳ ಮುಖವನ್ನು ತಾನೇ ಕೈಯಾರೆ ಅಳಿಸಿದೆ ಎಂಬ ಸಂಕಟ ಅವನನ್ನು ತಿನ್ನುತ್ತಿತ್ತು. ಅವಳಿಗೆ ಮರ್ಯಾದೆ ಮಾಡಲು ಹೋಗಿ ಮಾಡಿದ ಕೆಲಸ ಅದು ಎಂದು ನಾನು ಹೇಳಿದೆ. ಅದರಿಂದ ಅವನಿಗೆ ಇನ್ನೂ ಹೆಚ್ಚು ಸಂಕಟವಾಯಿತು. ಸಮಾಧಾನ ಹೇಳುವುದು ನನ್ನ ಕೆಲಸವಲ್ಲ.

ಚನ್ನೇಶ್ ಬಂದ ದಿನ ನಾವು ಮೂವರು ಅರಸೀಕೆರೆಗೆ ಹೊರಟೆವು, ಜವರಣ್ಣ, ಚಿಕ್ಕಣ್ಣ, ನಾನು. ಜಾವಗಲ್ ದಾಟಿ ಬಾಣಾವರದ ತನಕ ಜವರಣ್ಣ ಡಬ್ಬವನ್ನು ತೊಡೆಯಿಂದ ಕೆಳಗಿಳಿಸಲಿಲ್ಲ, ಗುಂಡಿ ಬಂದಾಗಲೆಲ್ಲ ಅದನ್ನು ಎದೆಗೊತ್ತಿಕೊಂಡು ಸೀಟಿನಿಂದ ಏಳುತ್ತಿದ್ದ. ಚಿಕ್ಕಣ್ಣ ಕಿಟಕಿಯಾಚೆ ನೋಡುತ್ತ ಕೂತಿದ್ದ. ಅವ್ವ ಹೋದಾಗಿನಿಂದ ಅವನು ಸರಿಯಾಗಿ ಉಂಡಿರಲಿಲ್ಲ. ತಟ್ಟೆಯ ಮುಂದೆ ಕೂತು, ತುತ್ತು ಮುರಿದು, ಹಾಗೇ ಎದ್ದು ಹೋಗುತ್ತಿದ್ದ. ಬಾಣಾವರದಲ್ಲಿ ಬಸ್ಸು ನಿಂತಾಗ ನಾನು ಇಡ್ಲಿ ಕಟ್ಟಿಸಿ ತಂದುಕೊಟ್ಟರೆ ಅದನ್ನು ಅರಸೀಕೆರೆಯ ತನಕ ಕೈಯಲ್ಲೇ ಹಿಡಿದಿದ್ದ.

ಚನ್ನೇಶರದ್ದು ಕೊಬ್ಬರಿ ವ್ಯಾಪಾರದ ಮನೆತನ. ಕೆಳಗೆ ಅವರಪ್ಪನ ಮಂಡಿ, ಮೇಲೆ ಇವರ ಕಂಪ್ಯೂಟರ್ ರಿಪೇರಿ, ಎರಡಕ್ಕೂ ಒಂದೇ ವಾಸನೆ. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಸ್ಕ್ರೂಡ್ರೈವರ್. ಕಥೆಯನ್ನೆಲ್ಲ ಕೇಳಿ ಅವರು ನಗಲಿಲ್ಲ, ಅದಕ್ಕೇ ನನಗೆ ಅವರು ಇಷ್ಟವಾದರು. ‘ನಮ್ಮಲ್ಲೂ ಅಷ್ಟೇ ಕಣ್ರೀ, ಹೆಣ ಎತ್ತೋ ತನಕ ತಕ್ಕಡಿ ಮುಟ್ಟಲ್ಲ’ ಎಂದು ಹೇಳಿ ಡಬ್ಬ ಬಿಚ್ಚಿದರು.

ಹಾರ್ಡ್ ಡಿಸ್ಕನ್ನು ಹೊರಗೆ ತೆಗೆದು ತಮ್ಮ ಕಂಪ್ಯೂಟರಿಗೆ ಎರಡನೇ ಡಿಸ್ಕಾಗಿ ಜೋಡಿಸಿದರು. ಅವರ ಕಂಪ್ಯೂಟರ್ ಅದನ್ನು ಗುರುತಿಸಲೇ ಇಲ್ಲ, ಅಂಥದ್ದೊಂದು ಡಿಸ್ಕೇ ಇಲ್ಲವೆಂದಿತು. ಜವರಣ್ಣ ಗೋಡೆಗೆ ಒರಗಿದ. ‘ಗಾಬರಿ ಬೇಡಿ. ಎರಡು ಡಿಸ್ಕೂ ನಾನೇ ಯಜಮಾನ ಅಂತ ಕೂತಿವೆ, ಅದಕ್ಕೆ’ ಎಂದು ಚನ್ನೇಶ್ ಡಿಸ್ಕಿನ ಹಿಂಬದಿಯಲ್ಲಿದ್ದ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಚೂರನ್ನು ಇಕ್ಕುಳದಿಂದ ಕಿತ್ತು ಪಕ್ಕದ ಕಡ್ಡಿಗಳಿಗೆ ಸಿಕ್ಕಿಸಿದರು. ಡಿಸ್ಕು ಕಾಣಿಸಿತು. ಅದರಲ್ಲಿ ಎರಡು ಭಾಗಗಳಿದ್ದವು. ಎರಡನೆಯದರ ಅಳತೆ ಸರಿಯಾಗಿತ್ತು, ಒಳಗೇನಿದೆ ಎಂಬಲ್ಲಿ ಮಾತ್ರ ಏನೂ ಬರೆದಿರಲಿಲ್ಲ.

‘ಖಾಲಿ ಆಗಿಲ್ಲ,’ ಎಂದರು. ‘ಮನೆ ಬದಲಾಯಿಸ್ತಾ ಇರುವಾಗ ಗಾಡಿ ದಾರಿಯಲ್ಲೇ ನಿಂತ ಹಾಗೆ. ಸಾಮಾನು ಅರ್ಧ ಹಳೇ ಮನೆಯಲ್ಲಿ, ಅರ್ಧ ಹೊಸ ಮನೆಯಲ್ಲಿ. ಹೆಸರು, ಜಾಗ ಬರೆದಿದ್ದು ಹೋಗಿದೆ. ಸಾಮಾನು ಹುಡುಕಿ ತೆಗೀಬಹುದು. ಗಾಡಿಯ ಮೇಲೆ ಏನಿತ್ತೋ ಅದನ್ನ ಹೇಳೋಕೆ ಬರಲ್ಲ.’ ಆಮೇಲೆ, ‘ಈ ಡಿಸ್ಕನ್ನ ಮುಟ್ಟೋದು ಬೇಡ. ಸಿಕ್ಕಿದ ಒಂದೊಂದನ್ನೂ ನನ್ನ ಡಿಸ್ಕಿಗೆ ನಕಲು ಮಾಡ್ಕೊತೀನಿ’ ಎಂದರು.

ಜವರಣ್ಣ ನೆಟ್ಟಗೆ ನಿಂತ. ‘ನಕಲು ಮಾಡಂಗಿಲ್ಲ ಸಾರ್.’

‘ಯಾಕ್ರೀ?’

‘ಮಾತು ಕೊಟ್ಟಿವ್ನಿ. ಎರಡು ಕಡೆ ಇರಂಗಿಲ್ಲ.’

ಚನ್ನೇಶ್ ನನ್ನ ಮುಖ ನೋಡಿದರು. ನಾನು ಹೇಳಬೇಕಾದ್ದನ್ನೆಲ್ಲ ಹೇಳಿದೆ, ಗಟ್ಟಿಯಾಗಿಯೇ ಹೇಳಿದೆ. ಮಂಡಿಯಲ್ಲಿ ಕೊಬ್ಬರಿ ಆರಿಸುತ್ತಿದ್ದ ಹೆಂಗಸರು ಮೇಲೆ ನೋಡಿದರು. ಜವರಣ್ಣ ಮಿಸುಕಲಿಲ್ಲ. ಬದುಕಿರುವ ಹಿರಿಯರ ಆಯಸ್ಸಿನ ಪ್ರಶ್ನೆ, ತನ್ನದಲ್ಲ ಎಂದ. ಕೊನೆಗೆ ಬಾಯಿ ಬಿಟ್ಟವನು ಚಿಕ್ಕಣ್ಣ. ‘ಜವರಣ್ಣ, ಅವ್ವ ಸತ್ತೋಗವ್ಳೆ ಕಣಣ್ಣ. ಇನ್ನು ಎಷ್ಟು ಕಡೆ ಇದ್ರೇನು? ಇದ್ರೆ ಸಾಕು.’

ಉಳಿದವರದ್ದನ್ನು ಕೆಲಸವಾದ ತಕ್ಷಣ ಅಳಿಸಿ ಹಾಕಬೇಕೆಂದು ಚನ್ನೇಶರಿಂದ ಭಾಷೆ ತೆಗೆದುಕೊಂಡು ಜವರಣ್ಣ ಒಪ್ಪಿದ. ‘ಅಳಿಸ್ತೀನಿ. ಆದರೆ ಅಳಿಸಿದ್ದು ಅಷ್ಟು ಸುಲಭವಾಗಿ ಹೋಗಲ್ಲ ಕಣ್ರೀ, ನೋಡ್ತಾ ಇರಿ’ ಎಂದು ಚನ್ನೇಶ್ ಹುಡುಕುವ ಪ್ರೋಗ್ರಾಂ ಹಚ್ಚಿದರು.

ಊಟದ ಹೊತ್ತು ಕಳೆದ ಮೇಲೆ ಫೋಟೋಗಳು ಬರತೊಡಗಿದವು. ಹೆಸರುಗಳಿರಲಿಲ್ಲ, ಬರೀ ನಂಬರುಗಳು. ಮೊದಲು ಬಂದವರು ಹನುಮಯ್ಯ, ಕೈ ಮಂಡಿಯ ಮೇಲೆ, ಕಣ್ಣು ಅಗಲ. ಆಮೇಲೆ ಸರ ಹಾಕಿಕೊಂಡ ಮಾದಮ್ಮ. ಅವಳ ಹಿಂದೆ ಒಬ್ಬೊಬ್ಬರಾಗಿ ಸುತ್ತಿನ ಹಳ್ಳಿಗಳೆಲ್ಲ ಬಂದವು. ‘ಇವ್ರೂ ತೆಗ್ಸವ್ರಾ?’ ಎಂದು ಚಿಕ್ಕಣ್ಣ ಕೇಳುತ್ತಿದ್ದ. ಜವರಣ್ಣ ತಪ್ಪಿಲ್ಲದೆ ಒಬ್ಬೊಬ್ಬರ ಹೆಸರು ಹೇಳುತ್ತ ಹೋದ, ಚನ್ನೇಶ್ ಬರೆದುಕೊಳ್ಳುತ್ತ ಹೋದರು. ನಿಜ ಹೇಳಬೇಕೆಂದರೆ ಎಲ್ಲರ ಮುಖವೂ ಒಂದೇ ಥರ ಇತ್ತು. ಯಾರೂ ತಮ್ಮ ಹಾಗಿರಲಿಲ್ಲ.

ಗಿಡ್ಡಮ್ಮ ಬಂದಳು. ಹಸಿರು ಸೀರೆಯ ಅಂಚು, ಮಂಡಿಯ ಮೇಲೆ ಜೋಡಿಸಿಟ್ಟ ಎರಡು ಕೈ. ಮೇಲೆಲ್ಲ ಬೂದು ಬಣ್ಣದ ಪಟ್ಟೆಗಳು. ಕತ್ತಿನಿಂದ ಮೇಲಕ್ಕೆ ಏನೂ ಇರಲಿಲ್ಲ.

‘ಗಾಡಿಯ ಮೇಲಿತ್ತು’ ಎಂದರು ಚನ್ನೇಶ್, ಮೆಲ್ಲಗೆ.

ಜವರಣ್ಣ ಆ ಕೈಗಳನ್ನೇ ನೋಡುತ್ತಿದ್ದ. ‘ನಾನೇ ಇಡ್ಸಿದ್ದು ಹಿಂಗೆ’ ಎಂದ. ‘ಅಲ್ಲಾಡ್‌ಬ್ಯಾಡ ಅಂತ ಎಷ್ಟ್ ಬೈದೆ ಅವ್ಳಿಗೆ.’ ಆಮೇಲೆ ನೆಲದ ಮೇಲೆ ಕೂತುಬಿಟ್ಟ. ನನಗೂ ಅಳು ಬಂದಿತ್ತು, ಅದನ್ನು ಚನ್ನೇಶರ ಮೇಲೆ ರೇಗಿ ತೀರಿಸಿಕೊಂಡೆ. ಅವರು ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ.

ಪ್ರೋಗ್ರಾಂ ತನ್ನ ಪಾಡಿಗೆ ತಾನು ಓಡುತ್ತಲೇ ಇತ್ತು. ಇಟ್ಟುಕೊಂಡ ಫೋಟೋಗಳು ಮುಗಿದು ಬೇರೆ ಥರದವು ಬರತೊಡಗಿದವು. ಹನುಮಯ್ಯ ಆಕಳಿಸುತ್ತಿದ್ದಾರೆ. ಮಾದಮ್ಮ ಸರವನ್ನು ಹಲ್ಲಿನಿಂದ ಕಚ್ಚಿ ಚಿನ್ನವೋ ಅಲ್ಲವೋ ನೋಡುತ್ತಿದ್ದಾಳೆ. ಯಾರೋ ಮುದುಕ ಕುರ್ಚಿಯಿಂದ ಜಾರಿ ನಗುತ್ತಿದ್ದಾನೆ. ‘ಇವು ಕೆಟ್ಟವು ಸಾರ್, ಬಿಡಿ, ನಾನು ಅಳಿಸಾಕಿದ್ದು’ ಎಂದು ಜವರಣ್ಣ ನೆಲದಿಂದಲೇ ಕೈ ಆಡಿಸಿದ. ‘ಅಳಿಸಿದ್ದೂ ಬರುತ್ತೆ ಅಂದೆನಲ್ಲ. ಅದರ ಮೇಲೆ ಬೇರೇನೂ ಬರೆಯೋ ತನಕ ಅದು ಅಲ್ಲೇ ಇರುತ್ತೆ’ ಎಂದರು ಚನ್ನೇಶ್.

ಆಗ ಚಿಕ್ಕಣ್ಣ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ.

ಪರದೆಯ ಮೇಲೆ ಗಿಡ್ಡಮ್ಮ ಕುರ್ಚಿಯಿಂದ ಅರ್ಧ ಎದ್ದಿದ್ದಳು. ಸೆರಗು ಜಾರಿತ್ತು, ಬಾಯಿ ತೆರೆದಿತ್ತು, ಎಲೆಅಡಿಕೆಯ ಕೆಂಪು ಕಾಣುತ್ತಿತ್ತು. ಬೆರಳು ನೇರವಾಗಿ ಕ್ಯಾಮೆರಾದ ಕಡೆಗೆ. ಒಂದು ಕಡೆ ಸ್ವಲ್ಪ ಮಸುಕು, ಕೈ ಬೀಸಿದ್ದರಿಂದ. ಬೂದು ಪಟ್ಟೆ ಒಂದೂ ಇರಲಿಲ್ಲ.

‘ಇವ್ಳೇ ಕಣಣ್ಣ,’ ಎಂದ ಚಿಕ್ಕಣ್ಣ. ‘ಇವ್ಳೇ ನಮ್ಮವ್ವ.’ ಅಂದು ಮಣ್ಣು ಮಾಡುವಾಗಲೂ ಅಳದಿದ್ದವನು ಕೊಬ್ಬರಿ ಮಂಡಿಯ ಅಟ್ಟದ ಮೇಲೆ ನಿಂತು ಬಿಕ್ಕಿ ಬಿಕ್ಕಿ ಅತ್ತ. ಸ್ವಲ್ಪ ಸುಧಾರಿಸಿಕೊಂಡ ಮೇಲೆ, ‘ಏನಂತಿದ್ಲಣ್ಣ ಅವ್ವ?’ ಎಂದು ಕೇಳಿದ.

ಜವರಣ್ಣನಿಗೆ ನೆನಪಿತ್ತು. ‘ಹೊತ್ತು ಮೀರೈತೆ, ಕ್ಯಾಮೆರಾ ಮಡ್ಗಿ ಮೊದ್ಲು ಉಣ್ಣೋಗ್ಲಾ ಅಂತ ಬೈತಿದ್ಲು. ಅವತ್ತು ನಾನು ಉಂಡಿರ್ಲಿಲ್ಲ.’

ಚನ್ನೇಶ್ ಸಿಕ್ಕಿದ್ದನ್ನೆಲ್ಲ ಜವರಣ್ಣನ ಡಿಸ್ಕಿಗೇ ವಾಪಸು ಹಾಕಿ, ಕೊಟ್ಟ ಮಾತಿನಂತೆ ತಮ್ಮಲ್ಲಿದ್ದದ್ದನ್ನು ಅಳಿಸಿದರು. ಗಿಡ್ಡಮ್ಮನ ಈ ಫೋಟೋಕ್ಕೆ ಹಾರ ಹಾಕುವುದು ಹೇಗೆ ಎಂದು ಜವರಣ್ಣ ಹಳೇಬೀಡಿಗೆ ಬರುವ ತನಕ ತಕರಾರು ತೆಗೆದ. ಬೈಯುತ್ತಿರುವವರ ಫೋಟೋವನ್ನು ತಿಥಿಗೆ ಇಟ್ಟವರು ಯಾರೂ ಇಲ್ಲ, ಬೇಕಾದರೆ ಬೆರಳು ಅಳಿಸಿ, ಬಾಯಿ ಮುಚ್ಚಿಸಿ, ಮುಖವನ್ನಷ್ಟೇ ತಿದ್ದಿ ಕೊಡುತ್ತೇನೆ ಎಂದ. ಚಿಕ್ಕಣ್ಣ ಬೇಡವೆಂದ. ಬೆರಳೂ ಇರಲಿ, ಬಾಯಿಯೂ ಇರಲಿ ಎಂದ. ಕೊನೆಗೆ ಜವರಣ್ಣ ಯಾವುದನ್ನೂ ತಿದ್ದದೆ, ಹಾಗೆಯೇ, ಇದ್ದದ್ದರಲ್ಲಿ ದೊಡ್ಡ ಅಳತೆಗೆ ಪ್ರಿಂಟು ಹಾಕಿದ. ಪ್ರಿಂಟರ್ ಒಂದೇ ಸಲಕ್ಕೆ ಕೆಲಸ ಮಾಡಿತು.

ಹನ್ನೊಂದನೇ ದಿನ ಗಿಡ್ಡಮ್ಮನ ಮನೆಯ ನಡುಮನೆಯಲ್ಲಿ ಆ ಫೋಟೋ ಇಟ್ಟರು. ಒಳಗೆ ಬಂದವರೆಲ್ಲ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದರು. ಹನುಮಯ್ಯನವರು ಹೊಸ ಚಪ್ಪಲಿಯನ್ನು ಹೊರಗೇ ಬಿಟ್ಟಿದ್ದರೂ ಇನ್ನೊಮ್ಮೆ ಕಾಲು ನೋಡಿಕೊಂಡರು. ಎಡೆಗೆ ಬಡಿಸಿ ಆಯಿತು, ಮುದ್ದೆ, ಅವರೆಕಾಳು ಸಾರು, ಅವಳಿಗೆ ಇಷ್ಟವಾದ ಸೀಬೆಕಾಯಿ. ಪೂಜೆ ಮುಗಿದ ಮೇಲೆ ಮಗ ಉಣ್ಣಬೇಕು, ಆಮೇಲೆ ಉಳಿದವರು. ಚಿಕ್ಕಣ್ಣ ಎಲೆಯ ಮುಂದೆ ಕೂರದೆ ಫೋಟೋದ ಮುಂದೆಯೇ ನಿಂತಿದ್ದ. ಯಾರೂ ಅವಸರ ಮಾಡಲಿಲ್ಲ. ಜವರಣ್ಣ ನನ್ನ ಪಕ್ಕದಲ್ಲಿ ಕಂಬ ಹಿಡಿದು ನಿಂತಿದ್ದ.

‘ಆಯ್ತು ಕಣವ್ವ, ಬೈಬ್ಯಾಡ,’ ಎಂದ ಚಿಕ್ಕಣ್ಣ, ಬೆರಳಿನ ಕಡೆ ನೋಡಿಕೊಂಡು. ‘ಉಣ್ತೀನಿ.’

ಆಮೇಲೆ ಎಲೆಯ ಮುಂದೆ ಕೂತು, ಮುದ್ದೆ ಮುರಿದು, ಉಂಡ.